ಹುಲಿಪಟ್ಟೆಯಿಂದ ಹಿತ್ತಾಳೆ ಬಿಲ್ಲೆಯವರೆಗೆ: ಹಳೆಯ ಸೇನಾ ಕೋವಿಗಳ ಜಾತಕ

ಆಲೂರು, ಬಾಳ್ಳುಪೇಟೆ, ಸಕಲೇಶಪುರದ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ಕಾಡುಹಂದಿಯ ಕಾಟಕ್ಕೆಂದು ಲೈಸೆನ್ಸ್ ಮಾಡಿಸುವುದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಮುಗಿದ ಮೇಲೆ ಮರಳಿ ತರುವುದು ಇಲ್ಲಿನ ರೂಢಿ. ಆದರೆ ಲೈಸೆನ್ಸ್ ಪುಸ್ತಕದಲ್ಲಿರುವುದು ಕೋವಿಯ ಕೊನೆಯ ಒಡೆಯರ ಹೆಸರಷ್ಟೆ. ಹಳೆಯ ಸೇನಾ ಕೋವಿಯಾದರೆ ಅದು ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಯಾವ ಪಡೆಯ ಹೆಗಲೇರಿತ್ತು ಎಂಬುದು ಉಕ್ಕಿನ ಮೇಲೆ, ಮರದ ಮೇಲೆ ಒತ್ತಿದ ಗುರುತುಗಳಲ್ಲಿದೆ. ಅವನ್ನು ಶಿಸ್ತಾಗಿ ಓದುವ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಕಳೆದ ನಾಲ್ಕೈದು ದಶಕಗಳಲ್ಲಿ.

ನಮ್ಮ ಸೀಮೆಯಲ್ಲಿ ಈ ಕಥೆ ಟಿಪ್ಪುವಿನಿಂದ ಶುರುವಾಗಬೇಕು. ಸಕಲೇಶಪುರದಾಚೆ ಗುಡ್ಡದ ನೆತ್ತಿಯಲ್ಲಿ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದವನು ಅವನೇ, 1792ರ ಸುಮಾರಿಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನ ಬಂದೂಕುಗಳು ಲೂಟಿಯಾಗಿ ಇಂಗ್ಲೆಂಡಿಗೆ ಹೋದವು. ಬಹುಕಾಲ ಅಲ್ಲಿ ಹುಲಿಮುಖದ ವಿಚಿತ್ರ ವಸ್ತುಗಳಾಗಿಯೇ ಉಳಿದವು. ರಾಬಿನ್ ವಿಗಿಂಗ್‌ಟನ್ 1992ರಲ್ಲಿ ಪ್ರಕಟಿಸಿದ ಗ್ರಂಥ ಅವನ್ನು ದಾಖಲೆಗಳಾಗಿ ಓದಿತು: ಬಬ್ರಿ ಎನ್ನುವ ಹುಲಿಪಟ್ಟೆ, ಹೈದರನ ಹೆಸರಿನ ಮೊದಲಕ್ಷರ, ತಯಾರಾದ ಊರು, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳಿಗೆ ಅದೇ ಉಪಕಾರ ಮಾಡಿದವರು ಡೇವಿಡ್ ಹಾರ್ಡಿಂಗ್. ಅವರ ನಾಲ್ಕು ಸಂಪುಟಗಳು 1990ರ ದಶಕದ ಕೊನೆಗೆ ಬಂದವು. ಬೀಗದ ಮೇಲೆ ಹೃದಯಾಕಾರದ ಕಂಪನಿ ಮುದ್ರೆಯಿದ್ದರೆ ಅದು ಹಳೆಯದು. ನಿಂತ ಸಿಂಹವಿದ್ದರೆ 1808ರ ಈಚಿನದು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1857ರ ನಂತರದ ಕೋವಿಗಳು. ದಂಗೆಯ ಬಳಿಕ ಬ್ರಿಟಿಷರು ದೇಶೀ ಸಿಪಾಯಿಗಳಿಗೆಂದೇ ನಳಿಗೆಯೊಳಗೆ ಸುರುಳಿ ಗೀರು ಇಲ್ಲದ ಎನ್‌ಫೀಲ್ಡ್ ಮಾಡಿಸಿದರು. ಹೊರಗಿನಿಂದ ಗೋರಾ ಸೈನಿಕನ ರೈಫಲ್‌ನಂತೆಯೇ ಕಾಣುತ್ತದೆ, ಗುಂಡು ಮಾತ್ರ ಅಷ್ಟು ದೂರಕ್ಕೆ ಗುರಿ ಹಿಡಿಯದು. ಮುಂದೆ ಈಶಾಪುರದ ಕಾರ್ಖಾನೆ ಲೀ-ಎನ್‌ಫೀಲ್ಡ್‌ಗಳನ್ನೂ ಪೊಲೀಸರಿಗಾಗಿ, ಕಾವಲಿನವರಿಗಾಗಿ ನುಣುಪು ನಳಿಗೆಯ .410 ಮಸ್ಕೆಟ್ ಆಗಿ ಮಾರ್ಪಡಿಸಿತು. ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ತುಂಬಿ ಒಂದೊಂದೇ ತೋಟೆ ಹಾಕುವಂತೆ ಮಾಡಿತು. ಆಳುವವರ ಅಪನಂಬಿಕೆ ಹೀಗೆ ಉಕ್ಕಿನಲ್ಲೇ ಅಚ್ಚಾಗಿದೆ. ಯಾವ ಸರ್ಕಾರಿ ಪತ್ರವೂ ಇದನ್ನು ಇಷ್ಟು ನೇರವಾಗಿ ಹೇಳಲಾರದು. ಆದರೆ ನುಣುಪು ನಳಿಗೆ ಕಂಡ ಕೂಡಲೇ ತೀರ್ಪು ಕೊಡಬಾರದು: ಶಿಕಾರಿಗೆಂದು ಆಮೇಲೆ ಕೊರೆಸಿದ್ದೂ ಇರಬಹುದು. ಗುರಿಪಟ್ಟಿ, ಮುದ್ರೆ, ಮಾದರಿ ಮೂರೂ ಹೊಂದಬೇಕು.

ಲೀ-ಎನ್‌ಫೀಲ್ಡ್ ಓದಲು ಆಸ್ಟ್ರೇಲಿಯಾದ ಇಯಾನ್ ಸ್ಕೆನರ್ಟನ್ ಅವರ ಪುಸ್ತಕಗಳೇ ಇಂದಿಗೂ ಆಧಾರ. ಬೋಲ್ಟಿನ ಹಿಡಿಯ ಕೆಳಗೆ ಕಿರೀಟ, ಕಾರ್ಖಾನೆ, ವರ್ಷ, ಮಾದರಿ ಇರುತ್ತವೆ. ಬಟ್ಟಿನ ಬಲಬದಿಯ ಹಿತ್ತಾಳೆ ಬಿಲ್ಲೆಯಲ್ಲಿ ಪಡೆಯ ಹೆಸರು. ಮೊದಲ ಮಹಾಯುದ್ಧದ ಅವಸರದಲ್ಲಿ ಈ ಬಿಲ್ಲೆ ಹಾಕುವುದು ನಿಂತಿತು. ಡಿ.ಪಿ. ಎಂದು ಒತ್ತಿದ್ದರೆ ಅದು ಕವಾಯತಿಗೆ ಮಾತ್ರ, ಈಡು ಹಾರಿಸುವಂತಿಲ್ಲ. ಕೋವಿಯ ಮೇಲಿನ ಸಂಖ್ಯೆಯಿಂದ ಸೈನಿಕನ ಹೆಸರು ಸಿಗುತ್ತದೆಂಬ ಆಸೆ ಬಹುತೇಕ ಈಡೇರುವುದಿಲ್ಲ; ಪಡೆ ತಿಳಿದರೆ ಅದೇ ಭಾಗ್ಯ. 2003ರಲ್ಲಿ ನೇಪಾಳದ ಹಳೆಯ ಶಸ್ತ್ರಾಗಾರದ ಸಾವಿರಾರು ಕೋವಿಗಳು ಅಮೆರಿಕದ ವ್ಯಾಪಾರಿಗಳ ಪಾಲಾದ ಮೇಲೆ ಇಂಥ ಓದು ಅಲ್ಲಿ ಸಾಮಾನ್ಯರಿಗೂ ತಲುಪಿತು.

ಮಲೆನಾಡಿಗೂ ತನ್ನದೇ ಸೇನಾ ಕಥೆಯಿದೆ. ಕೊಡಗು ಮತ್ತು ಮೈಸೂರು ಸೀಮೆಯ ಯುರೋಪಿಯನ್ ಕಾಫಿ ಪ್ಲಾಂಟರುಗಳು ‘ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್’ ಎಂಬ ಸ್ವಯಂಸೇವಕ ಪಡೆಯಲ್ಲಿದ್ದರು. ಸ್ವಾತಂತ್ರ್ಯದೊಂದಿಗೆ ಆ ಬಗೆಯ ಪಡೆಗಳೆಲ್ಲ ಮುಗಿದವು. ಎಸ್ಟೇಟುಗಳು ಕೈ ಬದಲಾದವು. ತೋಟದ ಮನೆಯಲ್ಲಿ ಅಂಥ ಕೋವಿಯಿದ್ದರೆ ಅದರ ಗುರುತುಗಳನ್ನು ಎಸ್ಟೇಟಿನ ಹಳೆಯ ಕಾಗದ, ಲೈಸೆನ್ಸ್ ಪುಸ್ತಕಗಳೊಡನೆ ಒಟ್ಟಿಗಿಟ್ಟು ನೋಡಬೇಕು. ಹೊರದೇಶದ ಪುಸ್ತಕ ಇದನ್ನು ಮಾಡಿಕೊಡುವುದಿಲ್ಲ. ಅದು ನಮ್ಮ ಕೆಲಸ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಕೋವಿ ಎಂದು ಮಿತಿ ಹಾಕಿದೆ. ಆದ್ದರಿಂದ ಅಜ್ಜನ ಕೋವಿ ಒಪ್ಪಿಸುವ ಮುನ್ನ, ಅದರಲ್ಲಿ ಈಡು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ರತಿಯೊಂದು ಮುದ್ರೆಯ ಫೋಟೋ ತೆಗೆದಿಡಿ. ತುಕ್ಕು ತೆಗೆಯಲೆಂದು ಮರಳುಕಾಗದ ಮಾತ್ರ ಹಾಕಬೇಡಿ, ಉಜ್ಜಿಹೋದ ಗುರುತನ್ನು ಯಾರೂ ಮರಳಿ ತರಲಾರರು.