'ನೋಡ್' ಅಂದ್ರೆ ಯಾರು? - ಎರಡು ತಂತ್ರಾಂಶಗಳ ಹೆಸರಿನ ಜಗಳ

ಬಸ್ಸಿನಲ್ಲಿ "ಬಳ್ಳಾಪುರಕ್ಕೆ ಒಂದು ಟಿಕೆಟ್" ಅಂದ್ರೆ ಕಂಡಕ್ಟರ್ ಕೇಳೋದು "ಚಿಕ್ಕದೋ, ದೊಡ್ಡದೋ?" ಅಂತ. ಎರಡೂರಿನ ಹೆಸರಿಗೂ ಒಂದೊಂದು ಪದ ಅಂಟಿಕೊಂಡಿರೋದ್ರಿಂದ ಗೊಂದಲವಿಲ್ಲ. ಲಿನಕ್ಸ್ ಲೋಕದಲ್ಲಿ ಇಂಥದ್ದೇ ಒಂದು ಹೆಸರಿನ ಸಮಸ್ಯೆ ಬಗೆಹರಿಯೋಕೆ ವರ್ಷಗಳೇ ಹಿಡಿದವು. ಆ ಕಥೆ ನನಗೆ ತುಂಬಾ ಇಷ್ಟ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಸ್ವಲ್ಪ ಹಿನ್ನೆಲೆ. ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಮನೆ ಇರಲ್ಲ. ಹೆಚ್ಚಿನ ಆದೇಶಗಳೆಲ್ಲ 'ಬಿನ್', 'ಎಸ್‌ಬಿನ್' ಅನ್ನೋ ಒಂದೆರಡು ಕಡತಕೋಶಗಳಲ್ಲಿ ಒಟ್ಟಿಗೆ ಕೂತಿರುತ್ತವೆ. ಒಂದೇ ಕೋಶದಲ್ಲಿ ಒಂದೇ ಹೆಸರಿನ ಎರಡು ಕಡತ ಇರೋಕೆ ಸಾಧ್ಯವಿಲ್ಲ. 1993ರಲ್ಲಿ ಇಯನ್ ಮರ್ಡಾಕ್ ಶುರುಮಾಡಿದ ಡೆಬಿಯನ್‌ನಲ್ಲಿ ಇದನ್ನು ಕಾಯೋ ಕೆಲಸ ಡಿಪಿಕೆಜಿ ಅನ್ನೋ ತಂತ್ರಾಂಶದ್ದು. ಯಾವ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು ಅಂತ ಅದು ಲೆಕ್ಕ ಇಟ್ಟಿರುತ್ತೆ. ಇನ್ನೊಂದು ಪ್ಯಾಕೇಜು ಬಂದು ಅದೇ ಕಡತದ ಮೇಲೆ ಬರೆಯೋಕೆ ಹೋದ್ರೆ ಅಲ್ಲೇ ತಡೆದು ನಿಲ್ಲಿಸುತ್ತೆ.

ಇಬ್ಬರೂ ಮಾಡೋ ಕೆಲಸ ಒಂದೇ ಆದ್ರೆ ಪರಿಹಾರ ಸುಲಭ. 'ವಿಐ' ಅಂತ ಕರೆದಾಗ ಯಾವ ಸಂಪಾದಕ ಓಗೊಡಬೇಕು ಅನ್ನೋದನ್ನ 'ಆಲ್ಟರ್ನೇಟಿವ್ಸ್' ವ್ಯವಸ್ಥೆಯಲ್ಲಿ ನಾವೇ ಆರಿಸಿಕೊಳ್ಳಬಹುದು. ಆದ್ರೆ ಕೆಲಸ ಬೇರೆ ಬೇರೆ ಇದ್ದು ಹೆಸರು ಮಾತ್ರ ಒಂದೇ ಆದ್ರೆ? ಅದಕ್ಕೆ ಡೆಬಿಯನ್ನಿನ ನಿಯಮಾವಳಿಯಲ್ಲಿ ಒಂದು ಸಾಲಿದೆ. ಅದರ ಸಾರ ಇಷ್ಟು: ಯಾರು ಹೆಸರು ಬದಲಿಸಬೇಕು ಅಂತ ಮಾತಾಡಿ ಒಮ್ಮತಕ್ಕೆ ಬನ್ನಿ, ಒಮ್ಮತ ಆಗದಿದ್ರೆ ಇಬ್ಬರೂ ಬದಲಿಸಬೇಕು! ಆಟಿಕೆಗೆ ಜಗಳ ಆಡೋ ಮಕ್ಕಳ ಕೈಯಿಂದ ಅಮ್ಮ ಅದನ್ನ ಕಿತ್ತು ಅಟ್ಟಕ್ಕೆ ಹಾಕಿದ ಹಾಗೆ :)

ಈಗ ನೋಡ್ ವಿಷಯಕ್ಕೆ ಬರೋಣ. ಹ್ಯಾಮ್ ರೇಡಿಯೋದವರು ರೇಡಿಯೋ ಅಲೆಗಳ ಮೂಲಕವೇ ಗಣಕಗಳನ್ನು ಜೋಡಿಸೋಕೆ ಎಎಕ್ಸ್.25 ಅನ್ನೋ ಪದ್ಧತಿ ಬಳಸ್ತಾರೆ. ದೂರದಿಂದ ಬಂದ ಸಂಪರ್ಕವನ್ನ ಬರಮಾಡಿಕೊಂಡು ಮುಂದಕ್ಕೆ ದಾಟಿಸೋ ಪುಟ್ಟ ತಂತ್ರಾಂಶವೊಂದು ಡೆಬಿಯನ್‌ನಲ್ಲಿತ್ತು. ಹೆಸರು 'ನೋಡ್', ಮನೆ 'ಎಸ್‌ಬಿನ್'. ಆಮೇಲೆ 2009ರಲ್ಲಿ ರಯಾನ್ ಡಾಲ್ ನೋಡ್.ಜೆಎಸ್ ತಂದರು. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸೋ ಈ ತಂತ್ರಾಂಶ ನೋಡನೋಡ್ತಾ ಜನಪ್ರಿಯ ಆಯ್ತು. ಇದರ ಆದೇಶದ ಹೆಸರೂ 'ನೋಡ್', ಮನೆ 'ಬಿನ್'.

ಕೋಶ ಬೇರೆ ಆದ್ದರಿಂದ ಡಿಪಿಕೆಜಿ ತಕರಾರು ಮಾಡಲ್ಲ. ಅಪಾಯ ಇರೋದೇ ಅಲ್ಲಿ. ಡೆಬಿಯನ್‌ನಲ್ಲಿ ರೂಟ್ ಬಳಕೆದಾರ 'ನೋಡ್' ಅಂತ ಟೈಪಿಸಿದ್ರೆ ಗಣಕ ಮೊದಲು ಎಸ್‌ಬಿನ್ ಹುಡುಕುತ್ತೆ, ರೇಡಿಯೋದ್ದು ಓಡುತ್ತೆ. ಸಾಮಾನ್ಯ ಬಳಕೆದಾರನಿಗೆ ಜಾವಾಸ್ಕ್ರಿಪ್ಟಿಂದು. ಒಂದೇ ಗಣಕ, ಒಂದೇ ಪದ, ಎರಡು ಅರ್ಥ!

ಎರಡೂ ಕಡೆ ನ್ಯಾಯ ಇತ್ತು. ಅದೆಷ್ಟೋ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲೇ 'ನೋಡ್' ಅಂತಿರೋದ್ರಿಂದ ಆ ಹೆಸರಿಲ್ಲದಿದ್ರೆ ಅವು ಓಡಲ್ಲ. ರೇಡಿಯೋದವರ ಕಷ್ಟ ಸದ್ದಿಲ್ಲದ್ದು. ಅವರ ಸಂರಚನಾ ಕಡತಗಳಲ್ಲಿ ಎಸ್‌ಬಿನ್ನಿನ ನೋಡ್‌ನ ಪೂರ್ತಿ ವಿಳಾಸ ಬರೆದಿರುತ್ತೆ. ಅಂಥ ಗಣಕ ಯಾವುದೋ ಗುಡ್ಡದ ತುದಿಯಲ್ಲಿದ್ದು, ಒಂದು ಅಪ್‌ಗ್ರೇಡ್‌ನಿಂದ ಆ ಹೆಸರು ಮಾಯವಾದ್ರೆ, ಸರಿಮಾಡೋಕೆ ಒಳಗೆ ಹೋಗೋ ಬಾಗಿಲೇ ಮುಚ್ಚಿಹೋಗುತ್ತೆ. ಗುಡ್ಡ ಹತ್ತಲೇಬೇಕು!

2011ರಲ್ಲಿ ದಾಖಲಾದ ದೂರು ಕೊನೆಗೆ ಡೆಬಿಯನ್ನಿನ ತಾಂತ್ರಿಕ ಸಮಿತಿಗೆ ಹೋಯ್ತು. ಜುಲೈ 2012ರಲ್ಲಿ ತೀರ್ಪು: ಇಬ್ಬರೂ ಬದಲಿಸಿ. ಜಾವಾಸ್ಕ್ರಿಪ್ಟಿನದ್ದು 'ನೋಡ್‌ಜೆಎಸ್' ಆಯ್ತು, ರೇಡಿಯೋದ್ದು 'ಎಎಕ್ಸ್25-ನೋಡ್'. ಹಳೇ ಹೆಸರೇ ಬೇಕು ಅನ್ನೋರಿಗೆ 'ನೋಡ್‌ಜೆಎಸ್-ಲೆಗಸಿ' ಅಂತ ಇನ್ನೊಂದು ಪ್ಯಾಕೇಜು.

ಇದರ ಬೆಲೆ ತೆತ್ತವರು ಹೊಸಬರು. ಪುಸ್ತಕ ನೋಡಿಕೊಂಡು 'ನೋಡ್' ಅಂತ ಟೈಪಿಸಿದ್ರೆ ಅಂಥ ಆದೇಶ ಇಲ್ಲ ಅನ್ನೋ ಉತ್ತರ. ಈಗಷ್ಟೇ ಹಾಕಿಕೊಂಡ ತಂತ್ರಾಂಶ ಎಲ್ಲಿ ಹೋಯ್ತು ಅಂತ ತಲೆ ಕೆರೆದುಕೊಳ್ಳಬೇಕು. 2017ರಲ್ಲಿ ಸಮಿತಿಯೇ ತನ್ನ ತೀರ್ಪನ್ನ ರದ್ದುಮಾಡಿತು. 2019ರ 'ಬಸ್ಟರ್' ಆವೃತ್ತಿಯಲ್ಲಿ ನೋಡ್.ಜೆಎಸ್‌ಗೆ 'ನೋಡ್' ಅನ್ನೋ ಹೆಸರು ವಾಪಸ್ ಸಿಕ್ಕಿತು.

ಹಾಗಾದ್ರೆ ಇಷ್ಟೆಲ್ಲ ರಗಳೆ ಯಾಕೆ ಬೇಕಿತ್ತು, ಮೊದಲೇ ಕೊಟ್ಟುಬಿಡಬಹುದಿತ್ತಲ್ಲ ಅಂತ ಕೇಳಬಹುದು. ನನಗೆ ಹಾಗನ್ನಿಸಲ್ಲ. ಕೊನೆಗೆ ಗೆದ್ದಿದ್ದು ದೊಡ್ಡವರೇ, ನಿಜ. ಆದ್ರೆ ನಡುವಿನ ಆ ವರ್ಷಗಳು ಚಿಕ್ಕವರಿಗೆ ಸಿಕ್ಕ ಕಾಲಾವಕಾಶ. ಬೆರಳೆಣಿಕೆಯ ಬಳಕೆದಾರರು ಅಂತ ರಾತ್ರೋರಾತ್ರಿ ಅವರ ಹೆಸರಫಲಕ ಕಿತ್ತುಹಾಕಲಿಲ್ಲ. ಆ ನಿಯಮ ತಲೆ ಎಣಿಸಲ್ಲ, ಯಾರು ಮೊದಲು ಬಂದವರು ಅಂತಲೂ ನೋಡಲ್ಲ. ಹೆಸರಿಗಾಗಿ ಹಟ ಹಿಡಿದ್ರೆ ಇಬ್ಬರಿಗೂ ನಷ್ಟ ಅಂತ ತೋರಿಸಿ ಮಾತಿಗೆ ಕೂರಿಸುತ್ತೆ ಅಷ್ಟೇ.

ಇಂಥ ಕಥೆಗಳು ಇನ್ನೂ ಇವೆ. 'ಕ್ರೋಮಿಯಂ' ಅನ್ನೋ ಹೆಸರು ಡೆಬಿಯನ್‌ನಲ್ಲಿ ಮೊದಲು ಒಂದು ಬಾಹ್ಯಾಕಾಶ ಹೊಡೆದಾಟದ ಆಟದ್ದಾಗಿತ್ತು. ಹಾಗಾಗಿ ಬ್ರೌಸರ್ ಬಂದಾಗ 'ಕ್ರೋಮಿಯಂ-ಬ್ರೌಸರ್' ಅಂತ ಬಾಲ ಹಚ್ಚಿಕೊಂಡೇ ಒಳಗೆ ಬರಬೇಕಾಯ್ತು. ಬ್ಯಾಕಪ್ ತಂತ್ರಾಂಶ ಬಕ್ಯುಲಾದ್ದೊಂದು 'ಬ್ಯಾಟ್' ಇದ್ದದ್ದಕ್ಕೆ ಇನ್ನೊಂದು 'ಬ್ಯಾಟ್' ಅಲ್ಲಿ 'ಬ್ಯಾಟ್‌ಕ್ಯಾಟ್' ಆಯ್ತು.

ನಿಮಗೇನನ್ನಿಸುತ್ತೆ? ಹೆಸರು ಮೊದಲು ಬಂದವರದ್ದೋ, ಹೆಚ್ಚು ಜನ ಕರೆಯೋರದ್ದೋ? ಇಂಥ ಬೇರೆ ಜಗಳ ಗೊತ್ತಿದ್ರೆ ಹೇಳಿ, ಕೇಳೋಕೆ ನಾನು ರೆಡಿ :)