ಒಂದು ಹಗಲಿನ ಆಕಾಶ: ಮುಗಿಲಿನ ಛಾಯಾಗ್ರಹಣ ನಡೆದುಬಂದ ದಾರಿ

ಬೆಳಗಿನಲ್ಲಿ ಹಿಂಜಿದ ಅರಳೆಯಂತೆ ತೋರಿದ ಮುಗಿಲು ಮಧ್ಯಾಹ್ನಕ್ಕೆ ಬೆಟ್ಟವಾಗಿ ಬೆಳೆದು, ಸಂಜೆಗೆ ಮಳೆಯಾಗಿ ಸುರಿದು ಬಯಲಾಗುವುದನ್ನು ಮನುಷ್ಯನು ಅನಾದಿಯಿಂದಲೂ ಕಂಡಿದ್ದಾನೆ; ಆದರೆ ಆ ಪರಿವರ್ತನೆಯನ್ನು ಗಳಿಗೆಗಳಿಗೆಗೂ ಹಿಡಿದಿರಿಸುವ ವಿದ್ಯೆ ಅವನಿಗೆ ಕೈವಶವಾದದ್ದು ತೀರ ಈಚೆಗೆ. ಆಕಾಶದ ಚಿತ್ರಕ್ಕೆ ಅದರ ವೇಳೆಯೇ ಪ್ರಾಣವೆಂಬ ಅರಿವು ಮೆಲ್ಲಮೆಲ್ಲನೆ ಬಲಿತುಬಂದ ಕಥೆಯೇ ಈ ಕಲೆಯ ಇತಿಹಾಸ.

ಕ್ಯಾಮೆರಾ ಹುಟ್ಟುವ ಮೊದಲೇ ಆ ಅರಿವು ಮೊಳೆತಿತ್ತು. 1802ರಲ್ಲಿ ಲಂಡನ್ನಿನ ಲ್ಯೂಕ್ ಹೋವರ್ಡನು ಮೋಡಗಳಿಗೆ ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಮೊದಲಾದ ಲ್ಯಾಟಿನ್ ನಾಮಗಳನ್ನಿತ್ತನು. 1821-22ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ದಿಬ್ಬದಮೇಲೆ ಕುಳಿತು ಬರಿಯ ಆಕಾಶವನ್ನೇ ಚಿತ್ರಿಸಿದ ಜಾನ್ ಕಾನ್‌ಸ್ಟೆಬಲನು, ಅನೇಕ ಚಿತ್ರಗಳ ಬೆನ್ನಿಗೆ ದಿನ, ಹೊತ್ತು, ಗಾಳಿಯ ಬಗೆಗಳನ್ನು ಬರೆದಿಟ್ಟನು.

ಛಾಯಾಗ್ರಾಹಕನಿಗಾದರೋ ಆಕಾಶವು ಬಹುಕಾಲ ಒಲಿಯಲಿಲ್ಲ. ಅಂದಿನ ಕಲೋಡಿಯನ್ ಲೇಪದ ಗಾಜಿನ ಫಲಕಗಳು ನೀಲಿ ಬೆಳಕಿಗೇ ಅತಿಶಯವಾಗಿ ಸ್ಪಂದಿಸುತ್ತಿದ್ದುದರಿಂದ, ನೀಲಾಕಾಶವೂ ಬಿಳಿಯ ಮೋಡವೂ ಭೇದವಿಲ್ಲದೆ ಒಂದಾಗಿ, ನೆಲದ ನೋಟ ಸ್ಪಷ್ಟವಾಗಿ ಮೂಡುವಷ್ಟರಲ್ಲಿ ಮೇಲುಭಾಗವೆಲ್ಲ ಬರಿಯ ಬಿಳುಪಾಗಿ ಉಳಿಯುತ್ತಿತ್ತು. 1856-57ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವನ್ನು ತೆಗೆದು ಎರಡನ್ನೂ ಒಂದೇ ಕಾಗದದಮೇಲೆ ಬೆಸೆದನು. ಆ ಚಿತ್ರಗಳ ಗಾಂಭೀರ್ಯ ಇಂದಿಗೂ ಮನಸ್ಸನ್ನು ಸೆರೆಹಿಡಿಯುತ್ತದೆ. ಆದರೂ ಒಂದೇ ಆಕಾಶವು ಬೇರೆಬೇರೆ ಕಡಲುಗಳಮೇಲೆ ಕವಿದಿರುವುದನ್ನು ಕಂಡಾಗ, ಸೌಂದರ್ಯಕ್ಕಾಗಿ ವೇಳೆಯ ಸತ್ಯವನ್ನು ತೆತ್ತದ್ದು ತಿಳಿಯುತ್ತದೆ.

ಆ ಸತ್ಯವನ್ನು ಮರಳಿ ದೊರಕಿಸಿದ್ದು ರಸಾಯನವಿದ್ಯೆ. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲನು ಫಲಕದ ಲೇಪಕ್ಕೆ ಬಣ್ಣಗಳನ್ನು ಬೆರಸಿ, ಅದು ಹಸುರು ಹಳದಿಗಳನ್ನೂ ಗ್ರಹಿಸುವಂತೆ ಮಾಡಿದನು. ಮಸೂರದ ಮುಂದೆ ಹಳದಿ ಗಾಜನ್ನಿಟ್ಟರೆ ನೀಲಿ ಕಂದಿ, ಮೋಡವು ಎದ್ದುಕಾಣತೊಡಗಿತು. ಸ್ವಿಟ್ಜರ್ಲೆಂಡಿನ ರಿಗೆನ್‌ಬಾಖನು ಆಕಾಶದ ಧ್ರುವೀಕೃತ ಬೆಳಕನ್ನು ಕುಗ್ಗಿಸುವ ಕೋನದಲ್ಲಿ ಕಪ್ಪುಗನ್ನಡಿಯನ್ನಿರಿಸಿ, ಅದರ ಪ್ರತಿಬಿಂಬದಿಂದ ನವುರಾದ ಸಿರಸ್ಸಿನ ಎಳೆಗಳನ್ನು ಹಿಡಿದನು. ದೇಶದೇಶಗಳ ಮೋಡಗಳ ಹೋಲಿಕೆಯನ್ನು ಅರಿಯಲು ಬ್ರಿಟನ್ನಿನ ಹವಾಮಾನಜ್ಞ ಅಬರ್‌ಕ್ರೋಂಬಿ ಭೂಪ್ರದಕ್ಷಿಣೆಯನ್ನೇ ಮಾಡಿದನು. ಅಳೆದ ಅಂತರದಲ್ಲಿ ನಿಲ್ಲಿಸಿದ ಎರಡು ಕ್ಯಾಮೆರಾಗಳಿಂದ ಏಕಕಾಲದಲ್ಲಿ ಚಿತ್ರ ತೆಗೆದು ಮೋಡದ ಎತ್ತರವನ್ನು ಗಣಿಸುವ ಕ್ರಮವೂ ಬಂದಿತು. ಇಂಥ ಪರಿಶ್ರಮದ ಫಲವಾಗಿ, ಉಪ್ಸಾಲದ ಹಿಲ್ಡೆಬ್ರಾಂಡ್‌ಸನ್ ಮೊದಲಾದವರ ಸಂಪಾದಕತ್ವದಲ್ಲಿ, 1896ರಲ್ಲಿ ಅಂತರರಾಷ್ಟ್ರೀಯ ಮೇಘಸಂಪುಟವು ಹೊರಬಿದ್ದಿತು.

ಇಲ್ಲಿಯವರೆಗೆ ಮುಗಿಲಿನ ರೂಪವು ದೊರೆತಿತ್ತೇ ಹೊರತು ನಡೆಯು ದೊರೆತಿರಲಿಲ್ಲ. ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸನು 1922ರಿಂದ ಮೋಡಗಳನ್ನು ಸರಣಿಯಾಗಿ ಚಿತ್ರಿಸಿ ಅವುಗಳಲ್ಲಿ ಭಾವಲಯವನ್ನು ಅರಸಿದನು. ಕ್ಷಿತಿಜದಿಂದ ಕ್ಷಿತಿಜದವರೆಗಿನ ಗಗನಮಂಡಲವೆಲ್ಲ ಒಂದೇ ವೃತ್ತದಲ್ಲಿ ಅಡಕವಾಗುವ ಮಸೂರವನ್ನು ಇಂಗ್ಲೆಂಡಿನ ರಾಬಿನ್ ಹಿಲ್ 1924ರಲ್ಲಿ ವಿವರಿಸಿದನು. ಜಪಾನಿನ ಮಸನಾವೊ ಅಬೆ, ಫೂಜಿ ಪರ್ವತಕ್ಕೆ ಎದುರಾಗಿ ಗೊಟೆಂಬಾದಲ್ಲಿ ನೆಲಸಿ, ಶಿಖರವನ್ನು ಸುತ್ತಿ ಹರಿಯುವ ಗಾಳಿಯ ಗತಿಯನ್ನು ಮೋಡಗಳ ಚಲನಚಿತ್ರದಲ್ಲಿ ವರ್ಷಗಟ್ಟಲೆ ಓದಿದನು. ಕಾಣದ ಗಾಳಿಗೆ ಮುಗಿಲನ್ನೇ ಲಿಪಿಯಾಗಿಸಿದ ಆ ತಪಸ್ಸು ಈ ಇತಿಹಾಸದ ಅತ್ಯಂತ ಹೃದ್ಯವಾದ ಅಧ್ಯಾಯ.

1960ರ ಟೈರೋಸ್ ಉಪಗ್ರಹವು ಮೋಡಗಳನ್ನು ಮೇಲಿನಿಂದ ತೋರಿಸಿತು. 1966ರಲ್ಲಿ ಶಾಂತಸಾಗರದಮೇಲೆ ಸ್ಥಿರವಾಗಿ ನಿಂತ ಏಟಿಎಸ್-1 ಉಪಗ್ರಹವು, ವರ್ನರ್ ಸುಓಮಿಯ ಕ್ಯಾಮೆರಾದಿಂದ, ಭೂಗೋಳಾರ್ಧದ ಹಗಲನ್ನೇ ಚಿತ್ರಮಾಲೆಯಾಗಿಸಿತು. 1983ರಲ್ಲಿ ಭಾರತದ ಇನ್ಸಾಟ್-1ಬಿ ಉಪಗ್ರಹವು ಮೇಲೇರಿದಾಗ ಅದರ ನಿಯಂತ್ರಣ ನಡೆದುದು ನಮ್ಮ ಹಾಸನದಿಂದ. ಮುಂಗಾರಿನ ಮೋಡಗಳನ್ನು ಕಾಯುವ ಕಣ್ಣನ್ನು ಮಲೆನಾಡಿನ ಅಂಚಿನ ಊರೊಂದು ನಡೆಸಿದ್ದು ನಮಗೆ ಅಭಿಮಾನದ ಸಂಗತಿ.

2017ರ ಮೇಘಸಂಪುಟದಲ್ಲಿ ಹವ್ಯಾಸಿಗಳು ಕಂಡ ಆಸ್ಪೆರಿಟಾಸ್ ಎಂಬ ಅಲೆಮುಗಿಲಿಗೂ ಸ್ಥಾನ ದೊರೆಯಿತು. ಇಂದು ಅಂಗಳದಲ್ಲಿ ನಿಂತವನ ಕೈಯಲ್ಲಿಯೂ ಕ್ಯಾಮೆರಾ ಇದೆ. ಅವನು ಒಂದೇ ಎಡೆಯಲ್ಲಿ ನಿಂತು, ಒಂದೇ ದಿಕ್ಕಿಗೆ ಮುಖಮಾಡಿ, ಹೊತ್ತುಹೊತ್ತಿಗೆ ಆಕಾಶವನ್ನು ಚಿತ್ರಿಸಿ, ಪ್ರತಿಯೊಂದರ ಕೆಳಗೆ ವೇಳೆಯನ್ನೂ ಗಾಳಿಯ ದಿಕ್ಕನ್ನೂ ಬರೆದಿಟ್ಟನಾದರೆ, ಆ ದಿಬ್ಬದಮೇಲಿನ ಚಿತ್ರಕಾರನು ಕಾಗದದ ಬೆನ್ನಿಗೆ ಆರಂಭಿಸಿದ ಬರವಣಿಗೆಯನ್ನೇ ಅವನೂ ಮುಂದುವರಿಸಿದಂತಾಗುತ್ತದೆ.