ಮೈಸೂರಿನ ಮನೆಯಾಟಗಳು

ಮೈಸೂರಿನಲ್ಲಿ ಮಣೆಯಾಟಗಳಿಗೆ ಅರಮನೆಯ ಆಶ್ರಯ ದೊರೆತದ್ದು ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ. 1831ರಲ್ಲಿ ಆಡಳಿತ ಬ್ರಿಟಿಷರ ಕೈ ಸೇರಿದ ಮೇಲೂ ಅವರು ಸಾಹಿತ್ಯ, ಕಲೆ ಮತ್ತು ಆಟಗಳ ಪೋಷಣೆಯನ್ನು ಬಿಡಲಿಲ್ಲ. ಅವರ 'ಶ್ರೀತತ್ತ್ವನಿಧಿ'ಯ 9 ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯ ವಸ್ತುವೇ ಆಟಗಳು. ಚದುರಂಗದ ಕುದುರೆ ಪ್ರತಿ ಮನೆಗೂ ಒಮ್ಮೆ ಮಾತ್ರ ಕಾಲಿಟ್ಟು 64 ಮನೆಗಳನ್ನೂ ಸುತ್ತುವ ಸಮಸ್ಯೆಯನ್ನೂ ಅವರು ಬಿಡಿಸಿದ್ದರು. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳ ಚಿತ್ರಗಳಿವೆ. ದುಂಡನೆಯ ಗಂಜೀಫಾ ಎಲೆಗಳಿಗೂ ಮೈಸೂರು ಹೆಸರಾಯಿತು.

ಜನರ ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದು, ಬಳೆಚೂರು, ಹುಣಸೆಬೀಜಗಳನ್ನು ಕಾಯಿ ಮಾಡಿಕೊಂಡರೆ ಆಟ ಸಿದ್ಧ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ 4. ಎಲ್ಲವೂ ಬೋರಲಾದರೆ ಬಾರ, ಅಂದರೆ 8. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಅಳಗುಳಿ ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಲೆಕ್ಕಾಚಾರವೇ ಅದರ ಜೀವಾಳ. ಶಿವರಾತ್ರಿಯ ಜಾಗರಣೆಯಲ್ಲಿ ನಿದ್ದೆಯನ್ನು ದೂರವಿಡುತ್ತಿದ್ದುದು ಇಂಥ ಆಟಗಳೇ.

ಅಂಗಳಕ್ಕೆ ಇಳಿದರೆ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಬುಗುರಿ. ಲಗೋರಿಯಲ್ಲಿ ಒಂದು ತಂಡ ಚೆಂಡೆಸೆದು ಕಲ್ಲಿನ ಅಡುಕು ಬೀಳಿಸಿ, ಏಟು ತಪ್ಪಿಸಿಕೊಳ್ಳುತ್ತ ಮತ್ತೆ ಜೋಡಿಸಬೇಕು.

ಕಾಲಕ್ರಮದಲ್ಲಿ ಹಿಂದೆ ಸರಿದ ಮಣೆಯಾಟಗಳನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಮತ್ತೆ ಜನರ ಮುಂದಿಟ್ಟಿತು. ಮೈಸೂರು ಗಂಜೀಫಾಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.